ಒಂದೆಕರೆ ಇಪ್ಪತ್ತು ಗುಂಟೆ ‘1.2’ ಆದಾಗ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಊರಿನ ಅಡಿಕೆ ತೋಟಗಳ ನಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗುಡ್ಡದ ಮೇಲಿನ ಹಳ್ಳದಿಂದ ಪೈಪಿನಲ್ಲಿ ಇಳಿದು ಬರುವ ನೀರೇ ಅಲ್ಲಿನ ಹದಿನೇಳು ತೋಟಗಳಿಗೂ ಆಧಾರ. ಪೈಪು ಹಳೆಯದಾಗಿತ್ತು, ಹೊಸದಕ್ಕೆ ಹಣ ಸೇರಿಸಬೇಕಿತ್ತು. ಯಾರ ತೋಟ ಎಷ್ಟು ದೊಡ್ಡದೋ ಅವರ ಪಾಲು ಅಷ್ಟು ಎಂದು ಊರವರೇ ತೀರ್ಮಾನ ಮಾಡಿದ್ದರು. ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶದಲ್ಲಿ ನಕ್ಷೆ ಬಿಡಿಸಿ, ಪ್ರತಿ ತೋಟಕ್ಕೂ ಸರ್ವೆ ನಂಬರು, ಹೆಸರು, ವಿಸ್ತೀರ್ಣ ತುಂಬಿಸಿ, ಪಾಲಿನ ಪಟ್ಟಿ ಕೊಡುವುದು ನನ್ನ ಕೆಲಸ.

ಗಡಿ ಗುರುತಿಸಲು ವಾರವಿಡೀ ತೋಟ ಸುತ್ತಿದೆ. ವಿವರದ ಕೋಷ್ಟಕಕ್ಕೆ ಕೊಟ್ಟಿದ್ದು ಒಂದು ಸಂಜೆ ಮಾತ್ರ. ತಪ್ಪು ನಡೆದದ್ದು ಆ ಸಂಜೆ.

ಪಟ್ಟಿಯನ್ನು ಜಗಲಿಯ ಮೇಲೆ ಹರಡಿದಾಗ ಮೊದಲು ಮಾತಾಡಿದವರು ಒಬ್ಬ ಹಿರಿಯ ಹೆಂಗಸು. “ತಮ್ಮಾ, ನಮ್ಮನೆ ತೋಟ ಎರಡೆಕರೆ ಮೂರು ಗುಂಟೆ. ಕೆಳಗಿನ ಮನೆಯವರದ್ದು ಎರಡೆಕರೆ ಮೂವತ್ತು. ಇಬ್ಬರದ್ದೂ ಒಂದೇ ಅಂತ ಬಂದಿದೆಯಲ್ಲ?”

ಎರಡೂ ಸಾಲಿನಲ್ಲಿ 2.3 ಎಂದಿತ್ತು.

ನಾನು ಮಾಡಿದ್ದು ಇಷ್ಟು. ವಿಸ್ತೀರ್ಣದ ಕಾಲಂಗೆ ದಶಮಾಂಶ ಸಂಖ್ಯೆಯ ಮಾದರಿ ಆರಿಸಿಕೊಂಡು, ಊರವರು ಬಾಯಲ್ಲಿ ಹೇಳುವ ಹಾಗೇ ಎಕರೆ, ಚುಕ್ಕಿ, ಗುಂಟೆ ಎಂದು ಬರೆಯುತ್ತಾ ಹೋಗಿದ್ದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. ಇದರಲ್ಲೆಲ್ಲೂ ಹತ್ತರ ಲೆಕ್ಕವಿಲ್ಲ. ಕಂಪ್ಯೂಟರಿಗೆ ಮಾತ್ರ ದಶಮಾಂಶ ಎಂದು ಹೇಳಿಯಾಗಿತ್ತು. ಅದು 2.30ರ ಕೊನೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಬಿಟ್ಟುಬಿಟ್ಟಿತು. 83 ಗುಂಟೆಯ ತೋಟವೂ 110 ಗುಂಟೆಯ ತೋಟವೂ ಒಂದೇ ಆದವು. ನಲವತ್ತರಿಂದ ಗುಣಿಸಿದಾಗ ಎರಡಕ್ಕೂ ಬಂದದ್ದು 92. ಒಬ್ಬರಿಗೆ ಒಂಬತ್ತು ಗುಂಟೆಯ ಪಾಲು ಹೆಚ್ಚಿಗೆ, ಇನ್ನೊಬ್ಬರಿಗೆ ಹದಿನೆಂಟು ಗುಂಟೆಯದು ಕಡಿಮೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರ ಒಂದೆಕರೆ ಇಪ್ಪತ್ತು ಗುಂಟೆ 1.2 ಆಗಿತ್ತು. ಅವರು ಅದನ್ನು ಒಂದೆಕರೆ ಎರಡು ಗುಂಟೆ ಎಂದು ಓದಿಕೊಂಡು, ಹದಿನೆಂಟು ಗುಂಟೆ ಎಲ್ಲಿ ಹೋಯಿತು ಎಂದು ಗಾಬರಿಯಾಗಿದ್ದರು. ಜಮೀನಿನ ಕಾಗದದಲ್ಲಿ ಒಂದು ಗುಂಟೆ ಹೆಚ್ಚುಕಡಿಮೆಯಾದರೂ ನಿದ್ದೆ ಬಾರದ ಜನ ನಾವು. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಲೆಕ್ಕ ತಪ್ಪಿದರೆ ಮತ್ತೆ ಮಾಡಬಹುದು. ಇಲ್ಲಿ ಹೋದದ್ದು ಮಾಹಿತಿಯೇ. 1.1 ಎಂದಿದ್ದರೆ ಅದು ಒಂದೆಕರೆ ಒಂದು ಗುಂಟೆಯೋ, ಒಂದೆಕರೆ ಹತ್ತು ಗುಂಟೆಯೋ? ಕೋಷ್ಟಕ ನೋಡಿ ಯಾರೂ ಹೇಳಲಾರರು. ಬಿಡಿಸಿದ ಗಡಿಯ ವಿಸ್ತೀರ್ಣದಿಂದ ಊಹಿಸೋಣವೆಂದರೆ, ಅಡಿಕೆ ಮರಗಳ ನೆರಳಿನಲ್ಲಿ ಜಿಪಿಎಸ್ ಬಿಂದು ಆಚೀಚೆ ಸರಿಯುತ್ತದೆ. ಮೇಲಾಗಿ ಇಳಿಜಾರಿನ ತೋಟ. ಇಪ್ಪತ್ತೇಳು ಗುಂಟೆಯ ವ್ಯತ್ಯಾಸವಾದರೆ ತಿಳಿದೀತು, ಒಂಬತ್ತು ಗುಂಟೆಯದನ್ನು ಅದರ ಮೇಲೆ ಬಿಡುವ ಧೈರ್ಯ ನನಗಿರಲಿಲ್ಲ. ಹದಿನೇಳೂ ಪಹಣಿಗಳನ್ನು ಮತ್ತೆ ತರಿಸಿಕೊಂಡು ಕೂತೆ.

ಈ ಸಲ ಒಂದು ಕಾಲಂ ಬದಲು ಮೂರು ಮಾಡಿದೆ: ಎಕರೆ, ಗುಂಟೆ, ಆಣೆ. ಮೂರೂ ಪೂರ್ಣಾಂಕ. ಗುಂಟೆಯಲ್ಲಿ 0ಯಿಂದ 39, ಆಣೆಯಲ್ಲಿ 0ಯಿಂದ 15 ಬಿಟ್ಟು ಬೇರೇನೂ ಒಳಗೆ ಹೋಗದಂತೆ ಕ್ಯೂಜಿಐಎಸ್‌ನಲ್ಲೇ ನಿರ್ಬಂಧ ಹಾಕಿದೆ. ನಾಲ್ಕನೆಯ ಕಾಲಂನಲ್ಲಿ ಎಲ್ಲವನ್ನೂ ಆಣೆಗೆ ಇಳಿಸಿದೆ. ಎಕರೆಗೆ 640, ಗುಂಟೆಗೆ 16. ಪಾಲು ಹಂಚಿದ್ದು ಆ ಆಣೆಯ ಮೇಲೆ. ದಶಮಾಂಶ ಬಂದದ್ದು ಕೊನೆಗೆ, ರೂಪಾಯಿ ಲೆಕ್ಕದಲ್ಲಿ ಮಾತ್ರ. ಇದೇ ಕೆಲಸವನ್ನು ಪೋಸ್ಟ್‌ಜಿಐಎಸ್ ಎಂಬ ನಕ್ಷೆಯ ದತ್ತಾಂಶ ಸಂಗ್ರಹದಲ್ಲಿ ಮಾಡುವವರು ಒಂದು ಗಮನಿಸಬೇಕು: ಅಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ಏಳನ್ನು ಎರಡರಿಂದ ಭಾಗಿಸಿದರೆ ಮೂರು. ಉಳಿದ ಅರ್ಧ ಹೇಳದೆ ಕೇಳದೆ ಹೋಗಿಬಿಡುತ್ತದೆ.

ಆಮೇಲೆ ಉಳಿದ ಕಾಲಂಗಳ ಮೇಲೂ ಅನುಮಾನ ಬಂತು. ಸರ್ವೆ ನಂಬರು ನೋಡಿದೆ. ಎಕ್ಸೆಲ್‌ನಲ್ಲಿ ಟೈಪ್ ಮಾಡಿದ 12/3 ಮಾರ್ಚ್ 12 ಆಗಿತ್ತು. 45/2 ಹಾಗೇ ಇತ್ತು, ತಿಂಗಳಿಗೆ 45ನೆಯ ದಿನ ಇಲ್ಲವಲ್ಲ. ಅಂದರೆ ಅದೇ ಕಾಲಂನಲ್ಲಿ ಕೆಲವು ತಾರೀಖು, ಕೆಲವು ಅಕ್ಷರ. ಹೆದರಿ ಆ ಕಾಲಂ ಅನ್ನು ಅಕ್ಷರ ಮಾದರಿಗೆ ಬದಲಿಸಿದರೆ ಸರಿಯಾಗುವುದಿಲ್ಲ. 2024ರಲ್ಲಿ ಟೈಪ್ ಮಾಡಿದ 12/3 ಆಗ 45363 ಎಂದು ಕಾಣುತ್ತದೆ. ಎಕ್ಸೆಲ್ ದಿನಗಳನ್ನು ಒಳಗೆ ಎಣಿಸಿಟ್ಟುಕೊಳ್ಳುವ ಕ್ರಮ ಅದು. ಟೈಪ್ ಮಾಡುವ ಮೊದಲೇ ಕಾಲಂ ಅನ್ನು ಅಕ್ಷರ ಎಂದು ಗುರುತಿಸಬೇಕು. ಸರ್ವೆ ನಂಬರು ಮತ್ತು ಓರೆಗೆರೆಯ ನಂತರ ಬರುವ ಹಿಸ್ಸಾವನ್ನು ನಾನೀಗ ಎರಡು ಕಾಲಂ ಮಾಡಿ, ಎರಡನ್ನೂ ಅಕ್ಷರವಾಗಿಯೇ ಇಡುತ್ತೇನೆ. ಎರಡು ಸರ್ವೆ ನಂಬರು ಕೂಡಿಸಿ ಯಾರಿಗೇನು ಸಿಗುತ್ತದೆ? ಕೂಡಿಸಿದರೆ ಅರ್ಥ ಬಾರದ್ದು ಅಂಕಿಯಲ್ಲಿ ಬರೆದಿದ್ದರೂ ಹೆಸರೇ. ಮೊಬೈಲ್ ನಂಬರೂ ಹಾಗೆ. ಅದನ್ನು 32 ಬಿಟ್ಟಿನ ಪೂರ್ಣಾಂಕದಲ್ಲಿ ಹಾಕಲು ಹೋದರೆ ಜಾಗವೇ ಸಾಲದು, ಅಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ ಆರರಿಂದ ಮೇಲೆ.

ಔಷಧಿ ಹೊಡೆದ ದಿನದ ಕಾಲಂನಲ್ಲಿ ಇದರ ಉಲ್ಟಾ ಮಾಡಿದ್ದೆ. ಕೊಳೆರೋಗಕ್ಕೆ ಮಳೆಗಾಲದ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದರೆ, ಮತ್ತೆ 40–45 ದಿನಕ್ಕೆ ಇನ್ನೊಂದು ಸಲ. ಯಾರ ತೋಟಕ್ಕೆ ಎರಡನೆಯ ಸಲ ಹೊತ್ತಾಯಿತು ಎಂದು ನಕ್ಷೆಯಲ್ಲಿ ಬಣ್ಣ ಬರಬೇಕಾದರೆ ಅದು ನಿಜವಾದ ತಾರೀಖಿನ ಮಾದರಿಯಲ್ಲೇ ಇರಬೇಕು. ಅದನ್ನು ಅಕ್ಷರದಲ್ಲಿ ‘ಜೂನ್ ಮೊದಲ ವಾರ’ ಎಂದೆಲ್ಲ ಬರೆದಿದ್ದೆ. ಸಸಿ ನೆಟ್ಟ ಕಾಲಕ್ಕೆ ಮಾತ್ರ ತಾರೀಖು ಬೇಡ. ಊರವರಿಗೆ ನೆನಪಿರುವುದು ವರ್ಷ ಒಂದೇ. ಅಲ್ಲಿ ತಾರೀಖು ಕೇಳಿದರೆ ಎಲ್ಲ ತೋಟವೂ ಜನವರಿ 1ಕ್ಕೆ ಹುಟ್ಟಿದ್ದಾಗುತ್ತದೆ. ವರ್ಷವನ್ನು ಪೂರ್ಣಾಂಕವಾಗಿ ಬರೆದರೆ ಸಾಕು.

ಮಳೆಯ ಕಾಲಂ ನನಗೆ ಇವತ್ತಿಗೂ ಮುಖ್ಯ. ಒಂದು ಮನೆಯವರು ಅಳತೆಯ ಪಾತ್ರೆ ಇಟ್ಟು ದಿನವೂ ಬರೆದಿಡುತ್ತಾರೆ. ಮದುವೆಗೆ ಹೋದ ದಿನ ಪುಸ್ತಕದಲ್ಲಿ ಖಾಲಿ. ಆ ಖಾಲಿ ಸೊನ್ನೆಯಲ್ಲ. 110, 90, 100 ಮಿಲಿಮೀಟರ್ ಬಿದ್ದ ಮೂರು ದಿನದ ಸರಾಸರಿ 100. ನಡುವಿನ ಖಾಲಿ ದಿನವನ್ನು ಸೊನ್ನೆ ಎಂದು ಹಿಡಿದರೆ 75ಕ್ಕೆ ಇಳಿಯುತ್ತದೆ. ಆಗುಂಬೆ ಸೀಮೆಯ ಆಷಾಢದಲ್ಲಿ ಸೊನ್ನೆ ಎಂದರೆ ಯಾರೂ ನಂಬುವುದಿಲ್ಲ, ಆದರೆ ಸರಾಸರಿಯೊಳಗೆ ಸೇರಿದ ಸೊನ್ನೆ ಕಣ್ಣಿಗೆ ಬೀಳುವುದಿಲ್ಲ. ಶೇಪ್‌ಫೈಲ್ ಎಂಬ ಹಳೆಯ ನಕ್ಷೆಯ ಕಡತಕ್ಕೆ ಉಳಿಸುವಾಗ ಕೆಲವು ತಂತ್ರಾಂಶಗಳು ಅಂಕಿಯ ಖಾಲಿ ಜಾಗಕ್ಕೆ ಸೊನ್ನೆ ತುಂಬಿಬಿಡುತ್ತವೆ.

ನಾನು ಶೇಪ್‌ಫೈಲ್ ಬಿಟ್ಟದ್ದಕ್ಕೆ ಅದೊಂದು ಕಾರಣ, ಇನ್ನೊಂದು ಕಾರಣ ಕನ್ನಡ. ಅದರಲ್ಲಿ ಕಾಲಂ ಹೆಸರಿಗೆ ಹತ್ತು ಬೈಟು, ಅಕ್ಷರದ ಕಾಲಂಗೆ ಹೆಚ್ಚೆಂದರೆ 254 ಬೈಟು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಕಾಗುಣಿತಕ್ಕೆ ಬೇರೆ, ಒತ್ತಕ್ಷರಕ್ಕೆ ಬೇರೆ. ‘ತೀರ್ಥಹಳ್ಳಿ’ ಎಂದು ಬರೆಯಲು 30 ಬೈಟು ಬೇಕು. ನಾನು 20 ಕೊಟ್ಟಿದ್ದೆ, ‘ತೀರ್ಥಹ’ ಆದ ಮೇಲೆ ಕತ್ತರಿಸಿಹೋಗಿತ್ತು. ಈಗ ಎಲ್ಲವೂ ಜಿಯೋಪ್ಯಾಕೇಜ್ ಎಂಬ ಬೇರೆ ಬಗೆಯ ಕಡತದಲ್ಲಿ. ಹೆಸರು ಪೂರ್ತಿ ಉಳಿಯುತ್ತದೆ, ಖಾಲಿ ಖಾಲಿಯಾಗಿಯೇ ಇರುತ್ತದೆ.

ತರಿ (ಗದ್ದೆ), ಖುಷ್ಕಿ (ಒಣಭೂಮಿ), ಬಾಗಾಯ್ತು (ತೋಟ) ಎನ್ನುವ ಜಮೀನಿನ ಬಗೆಯನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವ ಹಾಗೆ ಮಾಡಿದೆ. ಒಂದೇ ಬಗೆಯನ್ನು ‘ತರಿ’, ‘ತರೀ’, ‘ಗದ್ದೆ’ ಎಂದು ಮೂರು ರೀತಿಯಲ್ಲಿ ಬರೆದರೆ ನಕ್ಷೆಗೆ ಅವು ಮೂರು ಜಾತಿಯ ಜಮೀನು.

ಹೊಸ ಪಟ್ಟಿ ಹಿಡಿದು ಹೋದಾಗ ಹಿರಿಯರು ತಮ್ಮ ಪಹಣಿಯನ್ನೂ ತಂದಿದ್ದರು. ಬೆರಳಿಟ್ಟು ಎರಡನ್ನೂ ಪಕ್ಕಪಕ್ಕ ಓದಿದರು: “ಒಂದು, ಇಪ್ಪತ್ತು, ಸೊನ್ನೆ.” ಮತ್ತೆ ಕೆಳಗಿನ ಸಾಲಿಗೆ ಹೋಗಿ ಪಕ್ಕದ ಮನೆಯವರದ್ದನ್ನೂ ಓದಿ ನೋಡಿದರು. ಪೈಪಿನ ಹಣ ಆವತ್ತೇ ಎಣಿಸಿ ಕೊಟ್ಟರು.