ಉಡುಪಿಯ ಮಳೆಗಾಲದಲ್ಲಿ ಒಂದು ಟೈಗರ್ ಮಾತ್

ಮೇ ತಿಂಗಳ ಕೊನೆಯಲ್ಲಿ ಪ್ಲಾಸ್ಟಿಕ್ ಮಾದರಿ ವಿಮಾನದ ಕಿಟ್‌ನ ಡಬ್ಬಿ ಬಿಚ್ಚಿದೆ. ಏರ್‌ಫಿಕ್ಸ್ ಕಂಪನಿಯ ಡಿ ಹ್ಯಾವಿಲೆಂಡ್ ಟೈಗರ್ ಮಾತ್, 1:72 ಅಳತೆ, ಅಂದರೆ ನಿಜದ ವಿಮಾನದ 72ನೇ ಒಂದು ಭಾಗ. ಮಳೆ ಹಿಡಿಯುವ ಮೊದಲು ಬಣ್ಣ ಮುಗಿಸಬೇಕು ಅಂತ ಲೆಕ್ಕ ಹಾಕಿದ್ದೆ. ಮುಗಿದದ್ದು ಅಕ್ಟೋಬರ್‌ನಲ್ಲಿ.

ನನಗೆ ಮೊದಲು ಬೇಕಿದ್ದದ್ದು ವೆಸ್ಟ್‌ಲ್ಯಾಂಡ್ ವಾಪಿಟಿ ಎಂಬ ವಿಮಾನ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕೇ ವಾಪಿಟಿಗಳು. ಅದರ ಕಿಟ್ ನನಗೆ ಸಿಗಲಿಲ್ಲ. ಟೈಗರ್ ಮಾತ್ ಹಾರಲು ಕಲಿಸಿದ ವಿಮಾನ. 1931ರಲ್ಲಿ ಮೊದಲ ಸಲ ಹಾರಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಹುಡುಗರು ಇದರಲ್ಲೇ ಕಲಿತರು, ನಮ್ಮವರೂ ಕಲಿತರು. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರು ವಿನ್ಯಾಸ ಮಾಡಿದ ಎಚ್‌ಟಿ-2 ಇದರ ಜಾಗಕ್ಕೆ ಬಂತು. ಸಾವಿರಾರು ಪೈಲಟ್‌ಗಳ ಮೊದಲ ಮೇಷ್ಟ್ರು ಈ ಟೈಗರ್ ಮಾತ್. ಅದಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ.

ನಿಜದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ನನ್ನದು 12.4 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ.

ಒಡಲು, ಸೀಟು, ಎಂಜಿನ್ ಅಂಟಿಸುವುದು ಎರಡು ಸಂಜೆಯ ಕೆಲಸ. ರೆಕ್ಕೆ ಕೈಗೆ ತಗೊಂಡಾಗ ಮಾತ್ರ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಮೇಲಿನ ಜೋಡಿ, ಕೆಳಗಿನ ಜೋಡಿ, ನಾಲ್ಕೂ ರೆಕ್ಕೆಗಳು ಹಿಂದಕ್ಕೆ ವಾಲಿವೆ. ಕಾರಣ ಗೊತ್ತಾದರೆ ಇದು ತುಂಬಾ ಚಂದದ ವಿಷಯ. ಮುಂದಿನ ಸೀಟಿನಲ್ಲಿ ಕೂರುವುದು ಕಲಿಸುವವರು. ಇದಕ್ಕಿಂತ ಮೊದಲಿನ ಮಾತ್ ವಿಮಾನಗಳಲ್ಲಿ ಅವರ ತಲೆಯ ಮೇಲೇ ರೆಕ್ಕೆಯ ನಡುಭಾಗ, ಪೆಟ್ರೋಲ್ ಟ್ಯಾಂಕ್ ಎಲ್ಲ ಇತ್ತು. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರುವುದು ಕಷ್ಟ. ಹಾಗಾಗಿ ಆ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಆಗ ವಿಮಾನದ ತೂಕದ ಸಮತೋಲ ತಪ್ಪುತ್ತದೆ. ಅದನ್ನು ಸರಿ ಮಾಡಲಿಕ್ಕೆ ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು.

ಎರಡು ರೆಕ್ಕೆಯ ವಿಮಾನದಲ್ಲಿ ಒಂದು ಮಾತು ನೆನಪಿಡಿ. ಮೇಲಿನ ರೆಕ್ಕೆ ಕೂರಿಸುವ ಮೊದಲೇ ಬಣ್ಣ, ಡೆಕಲ್ (ಅಂಟಿಸುವ ಗುರುತು), ತಂತಿಗಳ ಬದಲು ಕಟ್ಟುವ ದಾರದ ತೂತು ಎಲ್ಲ ಮುಗಿದಿರಬೇಕು. ಕೂರಿಸಿದ ಮೇಲೆ ನಡುವೆ ಬ್ರಷ್ ಹೋಗುವುದಿಲ್ಲ.

ಬಣ್ಣಕ್ಕೆ ನಾನು ಆರಿಸಿದ್ದು ಯುದ್ಧದ ಮೊದಲ ವರ್ಷಗಳ ಬ್ರಿಟಿಷ್ ತರಬೇತಿ ವಿಮಾನದ ರೂಪ. ಹೊಟ್ಟೆ ಮತ್ತು ರೆಕ್ಕೆಯ ಅಡಿಭಾಗ ಹಳದಿ. ಕಲಿಯುವವರ ವಿಮಾನ ದೂರದಿಂದಲೇ ಕಾಣಬೇಕು ಅಲ್ವಾ. ಬೆನ್ನಿನ ಕಡೆ ಕಂದು ಮತ್ತು ಹಸಿರು ಪಟ್ಟೆ. ಇಲ್ಲಿ ತುಂಬಾ ಜನ ಗಮನಿಸದ ಒಂದು ಸಂಗತಿ ಇದೆ. ಮೇಲಿನ ರೆಕ್ಕೆಗೆ ಗಾಢ ಕಂದು, ಗಾಢ ಹಸಿರು. ಕೆಳಗಿನ ರೆಕ್ಕೆಯ ಬೆನ್ನಿಗೆ ಅದೇ ಎರಡು ಬಣ್ಣ, ಆದರೆ ತಿಳಿ. ಮೇಲಿನ ರೆಕ್ಕೆಯ ನೆರಳು ಕೆಳಗಿನದರ ಮೇಲೆ ಬೀಳುತ್ತದೆ. ಆ ನೆರಳನ್ನು ಸರಿದೂಗಿಸಲಿಕ್ಕೆ ತಿಳಿ ಬಣ್ಣ. ಅಂದರೆ ಒಟ್ಟು ಐದು ಬಣ್ಣ, ಇಷ್ಟು ಸಣ್ಣ ವಿಮಾನಕ್ಕೆ.

ಹಳದಿಯಿಂದ ಶುರು ಮಾಡಿದೆ. ಬೂದು ಪ್ಲಾಸ್ಟಿಕ್ ಮೇಲೆ ಹಳದಿ ನೇರವಾಗಿ ಹಚ್ಚಿದರೆ ಕೊಳಕು ಹಸಿರಿನ ಹಾಗೆ ಕಾಣುತ್ತದೆ. ಮೊದಲು ಬಿಳಿ ಪ್ರೈಮರ್ ಬೇಕು. ಅಕ್ರಿಲಿಕ್ ಬಣ್ಣವನ್ನು ನೀರು ದೋಸೆ ಹಿಟ್ಟಿನಷ್ಟು ತೆಳು ಮಾಡಿ, ಅಗಲ ಬ್ರಷ್‌ನಲ್ಲಿ ಐದು ಸಲ ಹಚ್ಚಿದೆ. ಮೊದಲ ಎರಡು ಸಲ ಹಚ್ಚಿದಾಗ ನೋಡಲಿಕ್ಕೆ ಬೇಸರವಾಗುತ್ತದೆ. ಅಲ್ಲಿ ಕೈ ಬಿಡಬೇಡಿ, ದಪ್ಪ ಮಾಡಲಿಕ್ಕೂ ಹೋಗಬೇಡಿ. ಮೂರನೆಯದರಿಂದ ಬಣ್ಣ ತುಂಬುತ್ತಾ ಬರುತ್ತದೆ. ರೆಕ್ಕೆಯ ಪಕ್ಕೆಲುಬುಗಳ ನಡುವೆ ಒಂದು ಚೂರು ತಿಳಿ ಮಾಡಿದ ಅದೇ ಬಣ್ಣ ಎಳೆದೆ. ಜಾಸ್ತಿ ಬೇಡ. ಬಟ್ಟೆ ಹೊದಿಸಿದ ರೆಕ್ಕೆ ಎಂದ ಮಾತ್ರಕ್ಕೆ ಅದು ಜೋತುಬಿದ್ದಿರುವುದಿಲ್ಲ. ಡೋಪ್ ಎಂಬ ಲೇಪ ಹಚ್ಚಿದ ಬಟ್ಟೆ ಚೆಂಡೆಯ ಚರ್ಮದ ಹಾಗೆ ಬಿಗಿಯಾಗಿರುತ್ತದೆ.

ಜುಲೈನಲ್ಲಿ ದೊಡ್ಡ ತಪ್ಪು ಮಾಡಿದೆ. ಡೆಕಲ್ ಅಂಟಿಸಿ ಆಗಿತ್ತು. ಇನ್ನು ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆದರೆ ಮೇಲಿನ ರೆಕ್ಕೆ ತಯಾರು. ಹೊರಗೆ ಜೋರು ಮಳೆ. ತಡೆಯಲಿಕ್ಕಾಗದೆ ವರಾಂಡದಲ್ಲೇ ಸ್ಪ್ರೇ ಹೊಡೆದೆ. ಹತ್ತು ನಿಮಿಷದಲ್ಲಿ ರೆಕ್ಕೆ ಪೂರ್ತಿ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಯಿತು. ಎರಡು ತಿಂಗಳ ಕೆಲಸ. ನಿಜವಾಗಿ ಅಳು ಬಂತು.

ಅಮ್ಮ ಬಂದು ನೋಡಿದರು. "ಮಳೆಗಾಲದಲ್ಲಿ ಯಾರಾದ್ರೂ ಹಪ್ಪಳ ಒಣಗಿಸ್ಲಿಕ್ಕೆ ಹಾಕ್ತಾರಾ ಮಗಾ?" ಅಂದರು. ವಿಷಯ ಅಷ್ಟೇ. ವಾರ್ನಿಶ್‌ನ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ನೀರಿನಂಶ ಅಲ್ಲೇ ಕೂತು ಪದರದೊಳಗೆ ಸಿಕ್ಕಿಬೀಳುತ್ತದೆ. ಆ ದಿನ ನನ್ನ ಮೀಟರ್‌ನಲ್ಲಿ ತೇವಾಂಶ ಶೇಕಡಾ 90 ದಾಟಿತ್ತು.

ಹಳೆಯ ಮರದ ಪೆಟ್ಟಿಗೆಯೊಂದಕ್ಕೆ 40 ವ್ಯಾಟ್‌ನ ಬಲ್ಬ್ ಹಾಕಿ ಒಣಗಿಸುವ ಗೂಡು ಮಾಡಿದೆ. ಬಲ್ಬ್ ಒಂದು ಮೂಲೆಯಲ್ಲಿ, ರೆಕ್ಕೆ ಇನ್ನೊಂದು ಮೂಲೆಯಲ್ಲಿ. ಕೈ ಇಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಅದಕ್ಕಿಂತ ಬಿಸಿಯಾದರೆ ಪ್ಲಾಸ್ಟಿಕ್ ಡೊಂಕಾಗುತ್ತದೆ. ಆಗಸ್ಟ್‌ನಲ್ಲಿ ಎರಡು ದಿನ ಬಿಸಿಲು ಬಂದಾಗ ಅದೇ ವಾರ್ನಿಶ್ ಮತ್ತೊಮ್ಮೆ ತೆಳ್ಳಗೆ ಹೊಡೆದೆ. ಹಳೆಯ ಪದರ ಕರಗಿ ಬಿಳಿ ಹೆಚ್ಚುಕಮ್ಮಿ ಹೋಯಿತು. ಎಡ ತುದಿಯಲ್ಲಿ ಮಾತ್ರ ಹಸಿರು ಮತ್ತೆ ಹಚ್ಚಬೇಕಾಯಿತು. ಅಲ್ಲಿಂದ ಮುಂದೆ ಮಳೆಯ ದಿನ ಬ್ರಷ್ ಕೆಲಸ, ತೂತು ಕೊರೆಯುವ ಕೆಲಸ. ಸ್ಪ್ರೇ ಏನಿದ್ದರೂ ಬಿಸಿಲಿಗೆ.

ಇನ್ನು ದಾರ. ಎರಡು ರೆಕ್ಕೆಯ ವಿಮಾನದ ಜೀವ ಇರುವುದೇ ಅಲ್ಲಿ ಅಂತ ನನ್ನ ನಂಬಿಕೆ. ನಿಜದ ವಿಮಾನದಲ್ಲಿ ರೆಕ್ಕೆಗಳ ನಡುವೆ ಉಕ್ಕಿನ ತಂತಿಗಳು ಅಡ್ಡಡ್ಡ ಹೋಗುತ್ತವೆ. ಕೆಳಗೆ ಒಡಲಿನ ಹತ್ತಿರದಿಂದ ಹೊರಟು ಮೇಲಿನ ರೆಕ್ಕೆಯಲ್ಲಿ ಎರಡು ರೆಕ್ಕೆಗಳ ನಡುವಿನ ಕಂಬದ ತಲೆಗೆ ಹೋಗುವ ತಂತಿ ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದ ಹಾಗೆ ಹಿಡಿಯುತ್ತದೆ. ಮೇಲಿನಿಂದ ಕೆಳಗಿನ ರೆಕ್ಕೆಯ ಕಂಬದ ಬುಡಕ್ಕೆ ಬರುವುದು ನೆಲದಲ್ಲಿ ನಿಂತಾಗ ರೆಕ್ಕೆಯ ಭಾರ ಹೊರುತ್ತದೆ. ಇದು ತಿಳಿದಿದ್ದರೆ ಯಾವುದು ಎಲ್ಲಿಗೆ ಅಂತ ಗೊಂದಲವಾಗುವುದಿಲ್ಲ.

ದಾರ ಹುಡುಕಿಕೊಂಡು ಮಲ್ಪೆಗೆ ಹೋದೆ, ಗಾಳದ ಸಾಮಾನು ಮಾರುವ ಅಂಗಡಿಗೆ. ಮೊದಲು ಕೊಟ್ಟದ್ದು 0.2 ಮಿಲಿಮೀಟರ್‌ನದ್ದು. 72ರಿಂದ ಗುಣಿಸಿ ನೋಡಿ, 14 ಮಿಲಿಮೀಟರ್ ದಪ್ಪದ ಸರಳಾಗುತ್ತದೆ. ಇನ್ನೂ ಸಪೂರದ್ದು ಬೇಕು ಅಂದೆ.

"ಇದಕ್ಕಿಂತ ಸಪೂರವಾ? ಎಂತ ಮೀನಿಗೆ ಅಣ್ಣ?"

ಫೋನ್‌ನಲ್ಲಿ ವಿಮಾನದ ಫೋಟೋ ತೋರಿಸಿದೆ. ಅವರು ದೊಡ್ಡದು ಮಾಡಿ ತಂತಿಗಳನ್ನೆಲ್ಲ ನೋಡಿ, ಒಳಗಿನಿಂದ 0.1ರ ಒಂದು ಸುರುಳಿ ಹುಡುಕಿ ತಂದರು.

ದಾರಕ್ಕೆ ಮೊದಲೇ ಉಕ್ಕಿನ ಬೂದು ಬಣ್ಣ ಸವರಿದೆ. 0.3ರ ಬಿಟ್ ಹಾಕಿದ ಕೈ ಡ್ರಿಲ್‌ನಿಂದ ತೂತು ಕೊರೆದೆ. ಔಷಧಿ ಡಬ್ಬಿಗಳನ್ನು ಆಸರೆ ಕೊಟ್ಟು ಮೇಲಿನ ರೆಕ್ಕೆ ಕೂರಿಸಿ ಒಂದು ರಾತ್ರಿ ಮುಟ್ಟದೆ ಬಿಟ್ಟೆ. ಮರುದಿನ ದಾರ ಪೋಣಿಸಿ, ತುದಿಗೆ ಬಟ್ಟೆ ಕ್ಲಿಪ್ ನೇತುಹಾಕಿ ಬಿಗಿ ಮಾಡಿ, ಸೂಜಿಯ ತುದಿಯಲ್ಲಿ ಸೂಪರ್ ಗ್ಲೂ ಮುಟ್ಟಿಸಿದೆ. ತೇವ ಇರುವಾಗ ಈ ಅಂಟು ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಮಬ್ಬನ್ನೂ ಬಿಡುತ್ತದೆ. ಕಡಿಮೆ ಹಾಕಿದಷ್ಟೂ ಒಳ್ಳೆಯದು. ಎಲ್ಲಾದರೂ ದಾರ ಸಡಿಲವಾದರೆ ಊದುಬತ್ತಿ ಹಚ್ಚಿ, ಕೆಂಡವನ್ನು ಒಂದು ಸೆಂಟಿಮೀಟರ್ ದೂರದಲ್ಲಿ ಹಿಡಿದು ಸರ್ರನೆ ದಾಟಿಸಿ. ನೈಲಾನ್ ಸೆಟೆದು ನಿಲ್ಲುತ್ತದೆ. ಹತ್ತಿರ ಹೋದರೆ ತುಂಡಾಗುತ್ತದೆ. ನನ್ನದು ಎರಡು ತುಂಡಾಯಿತು.

ಕೊನೆಯ ದಾರ ಕಟ್ಟಿದ ದಿನ ಮಧ್ಯಾಹ್ನ ಒಳ್ಳೆ ಬಿಸಿಲಿತ್ತು. ಕಿಟಕಿಯ ದಂಡೆ ಮೇಲೆ ಇಟ್ಟೆ. ಮೇಲಿನ ರೆಕ್ಕೆಯ ನೆರಳು ಕೆಳಗಿನ ರೆಕ್ಕೆಯ ಮೇಲೆ ಬಿತ್ತು. ಮೇಜಿನ ಮೇಲೆ ಬೇರೆ ಬೇರೆ ಕಾಣುತ್ತಿದ್ದ ಎರಡು ಹಸಿರು ಈಗ ಹತ್ತಿರ ಹತ್ತಿರ ಒಂದೇ ಹಸಿರು. ಅಮ್ಮನನ್ನು ಕರೆದು ತೋರಿಸಿದೆ. ಬಿಸಿಲು ಸರಿಯುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.