ಲ್ಯಾಪ್‌ಟಾಪ್‌ನಿಂದ ರಿಸೀವರ್‌ಗೆ 5.1 ಸೌಂಡ್
5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್; ರಿಸೀವರ್ ಅಂದರೆ ಅವನ್ನು ನಡೆಸುವ ಹೋಮ್ ಥಿಯೇಟರ್ ಆಂಪ್ಲಿಫೈಯರ್. ಲ್ಯಾಪ್‌ಟಾಪನ್ನು ಅದಕ್ಕೆ ಹೆಡ್‌ಫೋನ್ ಪಿನ್ನಿಂದ ಜೋಡಿಸಬೇಡಿ, ಆ ಪಿನ್ನಲ್ಲಿ ಬರುವುದು ಸ್ಟೀರಿಯೋ, ಅಂದರೆ ಎರಡು ಚಾನೆಲ್ ಮಾತ್ರ. ಎಚ್‌ಡಿಎಂಐ ಕೇಬಲ್ ರಿಸೀವರ್‌ಗೆ ಹಾಕಿ, ಅಲ್ಲಿಂದ ಟಿವಿಗೆ ಕೊಡಿ. ದುಬಾರಿ ಕೇಬಲ್ ಬೇಡ, ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಸಿಗುವ ಸಾಧಾರಣ ಕೇಬಲ್ ಸಾಕು. ಆಮೇಲೆ ವಿಂಡೋಸ್ ಸೌಂಡ್ ಸೆಟ್ಟಿಂಗ್‌ನಲ್ಲಿ ರಿಸೀವರ್ ಆರಿಸಿ, ಕಾನ್ಫಿಗರ್ ಒತ್ತಿ 5.1 ಇಡಿ. ಇದನ್ನು ಬಿಟ್ಟರೆ ಹಿಂದಿನ ಸ್ಪೀಕರ್‌ಗಳು ಸುಮ್ನೆ ಕೂರುತ್ತವೆ.

ಹಳೇ ರಿಸೀವರ್‌ನಲ್ಲಿ ಎಚ್‌ಡಿಎಂಐ ಇಲ್ವಾ? ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಪೋರ್ಟ್ (ಬೆಳಕಿನ ಮೂಲಕ ಸೌಂಡ್ ಕಳಿಸುವಂಥದ್ದು) ಇದ್ದರೆ ಅದೂ ಆಗುತ್ತದೆ. ಆದರೆ ಅದರಲ್ಲಿ 5.1 ಹೋಗುವುದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂಬ ಕುಗ್ಗಿಸಿದ ರೂಪದಲ್ಲಿ ಮಾತ್ರ. ಅದಕ್ಕೆ ವಿಡಿಯೋ ಪ್ಲೇಯರ್‌ನಲ್ಲಿ ಪಾಸ್‌ಥ್ರೂ (ಸೌಂಡನ್ನು ಬಿಡಿಸದೆ ಹಾಗೇ ರಿಸೀವರ್‌ಗೆ ಕಳಿಸುವ ಆಯ್ಕೆ) ಆನ್ ಮಾಡಿ.

ಗುಂಯ್ ಅಂತ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ನಿಂತಿತಾ? ಚಾರ್ಜರ್, ರಿಸೀವರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಸದ್ದು ಹೋಗಲಿ ಅಂತ ಅರ್ಥ್ ಪಿನ್ ಮಾತ್ರ ದಯವಿಟ್ಟು ಕತ್ತರಿಸಬೇಡಿ, ಜೀವಕ್ಕೇ ಅಪಾಯ.