ಅಂಬಾಸಿಡರ್‌ನ ರೇಡಿಯೊ: ಅರ್ಧ ಕೆಲಸ ಸೆಟ್ಟಿನಲ್ಲಿ, ಅರ್ಧ ಗಾಡಿಯಲ್ಲಿ

ನಮ್ಮ ಮನೆಯ ಅಂಬಾಸಿಡರ್ 1968ರದು, ಮಾರ್ಕ್ 2. ಅದರ ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ಪಟ್ಟಿಯಲ್ಲಿ ನೇತುಬಿದ್ದಿರುವ ಎರಡು ಗುಂಡಿಯ ರೇಡಿಯೊ ಅಪ್ಪ ಹಾಕಿಸಿದ್ದು. ಎಡಗುಂಡಿ ದನಿಗೆ, ಬಲಗುಂಡಿ ನಿಲಯಕ್ಕೆ. ಮೀಡಿಯಂ ವೇವ್ ಬಿಟ್ಟರೆ ಬೇರೇನೂ ಇಲ್ಲ. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗಲೇ ಅದರ ಬಾಯಿ ಕಟ್ಟಿತ್ತು. 2019ರಲ್ಲಿ ಎಂಜಿನ್, ಬ್ರೇಕು, ಬಣ್ಣ ಎಲ್ಲ ಮುಗಿಸಿ ಗಾಡಿ ಮನೆಗೆ ಬಂದಾಗ ಉಳಿದದ್ದು ಇದೊಂದೇ.

ಬಣ್ಣದವರೂ ಸೀಟು ಹೊಲಿದವರೂ ಹೇಳಿದ್ದು ಒಂದೇ ಮಾತು: ಅದನ್ನು ಕಿತ್ತುಹಾಕಿ, ಡ್ಯಾಶ್‌ಬೋರ್ಡಿನಲ್ಲಿ ಜಾಗ ಕೊರೆದು ಬ್ಲೂಟೂತ್ ಇರುವ ಹೊಸ ಸೆಟ್ ಕೂರಿಸಿ. ಐವತ್ತು ವರ್ಷ ಯಾರೂ ಕತ್ತರಿ ಹಾಕದ ತಗಡಿಗೆ ನಾನು ಕತ್ತರಿ ಹಾಕುವುದು ಸಾಧ್ಯವೇ ಇರಲಿಲ್ಲ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವೂ ಇತ್ತು. ನಮ್ಮ ಗಾಡಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ, ಅಂದರೆ ಗಾಡಿಯ ತಗಡಿನ ಮೈಗೆ, ಸೇರಿದೆ. ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್. ಆ ಕಾಲದ ಇಂಗ್ಲಿಷ್ ಗಾಡಿಗಳ ರೂಢಿಯೇ ಹಾಗಿತ್ತು. ಈಗಿನ ಕಾರ್ ಸೆಟ್ಟುಗಳ ತಗಡಿನ ಮೈ ನೆಗೆಟಿವ್. ಅದನ್ನು ತಂದು ನೇರವಾಗಿ ಈ ಬಾಡಿಗೆ ಸ್ಕ್ರೂ ಮಾಡಿದರೆ ಬ್ಯಾಟರಿಯೇ ಶಾರ್ಟ್. ರಬ್ಬರಿನಲ್ಲಿ ಸುತ್ತಿ ಕೂರಿಸಿದರೂ ಅಪಾಯ ತಪ್ಪುವುದಿಲ್ಲ, ಏಕೆಂದರೆ ಸೆಟ್ಟಿನ ಮೈಗೆ ಸೇರುವ ಆಂಟೆನಾ ವೈರಿನ ಹೊರಬಲೆ ಮಡ್‌ಗಾರ್ಡನ್ನು ಮುಟ್ಟಿಯೇ ಇರುತ್ತದೆ. ಹಳೆಯ ಗಾಡಿಗೆ ರೇಡಿಯೊ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಬಾನೆಟ್ ಎತ್ತಿ, ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಬೇಕು. ನಡುವೆ ಯಾರಾದರೂ ಬದಲಾಯಿಸಿರಲೂಬಹುದು. ಪುಸ್ತಕದಲ್ಲಿ ಬರೆದದ್ದನ್ನು ನಂಬಬಾರದು.

ಸೆಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಚಾಮರಾಜಪೇಟೆಯಲ್ಲಿ ರೇಡಿಯೊ ರಿಪೇರಿಯಲ್ಲೇ ಬಾಳು ಸವೆಸಿದ ಹಿರಿಯರೊಬ್ಬರಿದ್ದಾರೆ, ನಾನು ಅವರನ್ನು ರಾಯರು ಎಂದೇ ಕರೆಯುವುದು. ಫೋನಿನಲ್ಲಿ ಅವರು ಮೊದಲು ಕೇಳಿದ್ದು, "ಸ್ಪೀಕರ್ ಕಟ್ಟಿಕೊಂಡಿದ್ದೀಯೇನಪ್ಪ? ಸ್ಪೀಕರ್ ಇಲ್ಲದೆ ಕರೆಂಟ್ ಕೊಡಬೇಡ, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದರೆ ಮತ್ತೆ ಎಲ್ಲಿ ಹುಡುಕುತ್ತೀಯ?" ನಮ್ಮ ಸ್ಪೀಕರಿನ ಹಿಂದೆ 4 ಓಮ್ ಎಂದು ಅಚ್ಚಾಗಿದೆ. ಕಾಗದ ಎರಡು ಕಡೆ ಹರಿದಿತ್ತು. ತೆಳು ಟಿಶ್ಯೂ ಕಾಗದವನ್ನು ತೆಳುವಾದ ಗೋಂದಿನಲ್ಲಿ ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟೆ. ದಪ್ಪ ಅಂಟು ಬೇಡ, ಕಾಗದ ಬಿಗಿದು ದನಿ ಕೆಡುತ್ತದೆ.

ಇಷ್ಟು ವರ್ಷ ಮಲಗಿದ್ದ ಸೆಟ್ಟಿಗೆ ಒಮ್ಮೆಗೇ 12 ವೋಲ್ಟ್ ಕೊಡಲು ಧೈರ್ಯ ಬರಲಿಲ್ಲ. ಬ್ಯಾಟರಿಗೂ ಸೆಟ್ಟಿಗೂ ನಡುವೆ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬೊಂದನ್ನು ಸರಣಿಯಲ್ಲಿ ಕಟ್ಟಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ನಮ್ಮದರಲ್ಲಿ ಬಲ್ಬು ಮಂಕಾಗಿ ಹೊತ್ತಿಕೊಂಡು ಹಾಗೆಯೇ ನಿಂತಿತು. ಸ್ಪೀಕರಿನಿಂದ "ಟಪ್" ಎಂಬ ಒಂದು ಸದ್ದು, ಆಮೇಲೆ ಸಣ್ಣ ಗುಂಯ್. ಔಟ್‌ಪುಟ್ ಬದುಕಿದೆ ಎಂದು ಅಷ್ಟರಲ್ಲೇ ಗೊತ್ತಾಯಿತು. ವಾಲ್ಯೂಮ್ ಕಂಟ್ರೋಲಿನ ನಡುಕಾಲಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದಾಗ ಜೋರಾಗಿ ಗುಂಯ್‌ಗುಟ್ಟಿತು. ಹಾಗಾದರೆ ಅದರಿಂದಾಚೆಗಿನ ಆಡಿಯೊ ಭಾಗವೆಲ್ಲ ಸರಿ, ರೋಗ ಇರುವುದು ನಿಲಯ ಹಿಡಿಯುವ ಮುಂಭಾಗದ ಸರ್ಕ್ಯೂಟಿನಲ್ಲಿ.

ಒಣಗಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳನ್ನು ಮೊದಲು ಬದಲಾಯಿಸಿದೆ. ಎಸ್‌.ಜೆ.ಪಿ. ರಸ್ತೆಯಲ್ಲಿ ಒಂದೇ ಅಂಗಡಿಯಲ್ಲಿ ಎಲ್ಲವೂ ಸಿಕ್ಕಿತು. ಇಲ್ಲೊಂದು ಎಚ್ಚರ ಬೇಕು. ಈಗಿನ ಸರ್ಕ್ಯೂಟುಗಳಲ್ಲಿ ಕಂಡೆನ್ಸರಿನ ನೆಗೆಟಿವ್ ಕಾಲು ಷಾಸಿಗೆ, ಅಂದರೆ ಸೆಟ್ಟಿನ ತಗಡಿನ ಮೈಗೆ, ಹೋಗುವುದು ಕೈಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿರುವ ಈ ಸೆಟ್ಟಿನಲ್ಲಿ ಷಾಸಿಗೆ ಹೋಗುವುದು ಪಾಸಿಟಿವ್ ಕಾಲು. ಹಳೆಯದನ್ನು ಕೀಳುವ ಮೊದಲು ಒಂದೊಂದರ ಫೋಟೊ ತೆಗೆದಿಟ್ಟುಕೊಂಡಿದ್ದರಿಂದ ತಪ್ಪಾಗಲಿಲ್ಲ. ಗುಂಯ್ ನಿಂತಿತು. ನಿಲಯ ಮಾತ್ರ ಬರಲಿಲ್ಲ.

ಮುಂಭಾಗದಲ್ಲಿ ಎಎಫ್ 117 ಎಂಬ ಮೂರು ಟ್ರಾನ್ಸಿಸ್ಟರ್‌ಗಳಿದ್ದವು, ಉದ್ದ ಟೋಪಿಯಂತಹ ಲೋಹದ ಡಬ್ಬಿಯವು. ಇವುಗಳಿಗೆ ಮೂರರ ಬದಲು ನಾಲ್ಕು ಕಾಲು; ಒಂದು ಕಾಲು ಒಳಗೆ ಬರಿಯ ಡಬ್ಬಿಗೆ ಸೇರಿರುತ್ತದೆ, ಹೊರಗೆ ಅರ್ತ್‌ಗೆ. ಈ ಜಾತಿಗೆ ವಿಚಿತ್ರವಾದ ಮುಪ್ಪು ಬರುತ್ತದೆ. ಡಬ್ಬಿಯ ಒಳಮೈಯಿಂದ ಕೂದಲಿಗಿಂತ ಸಣ್ಣದಾದ ತವರದ ಎಳೆಗಳು ತಾವಾಗಿಯೇ ಬೆಳೆಯುತ್ತ ಹೋಗಿ ಒಂದು ದಿನ ಒಳಗಿನ ಕಾಲನ್ನು ಮುಟ್ಟುತ್ತವೆ. ಸೆಟ್ಟು ಬಳಸಿದರೂ ಬೆಳೆಯುತ್ತವೆ, ಬಳಸದೆ ಇಟ್ಟರೂ ಬೆಳೆಯುತ್ತವೆ. ಮೂರನ್ನೂ ಬಿಚ್ಚಿ ಮೀಟರ್ ಹಿಡಿದೆ. ಡಬ್ಬಿಯ ಕಾಲಿಗೂ ಉಳಿದ ಮೂರು ಕಾಲುಗಳಿಗೂ ಯಾವ ಸಂಬಂಧವೂ ತೋರಬಾರದು. ಎರಡು ಟ್ರಾನ್ಸಿಸ್ಟರ್ ಹಾಗೆಯೇ ಇದ್ದವು. ಮೂರನೆಯದರಲ್ಲಿ ಡಬ್ಬಿಗೂ ಕಲೆಕ್ಟರ್ ಎಂಬ ಕಾಲಿಗೂ ನಡುವೆ ಕೆಲವೇ ಓಮ್, ಅಂದರೆ ಶಾರ್ಟ್. ನಲವತ್ತು ವರ್ಷ ರೇಡಿಯೊದ ಬಾಯಿ ಕಟ್ಟಿದ್ದು ಬರಿಗಣ್ಣಿಗೆ ಕಾಣದ ಆ ಒಂದು ಎಳೆ!

ಎಳೆ ಒಂದೇ ಕಾಲನ್ನು ಮುಟ್ಟಿದ್ದರೆ ಉಪಾಯ ಸುಲಭ. ಡಬ್ಬಿಯ ಕಾಲನ್ನು ಕತ್ತರಿಸಿಬಿಟ್ಟರೆ ಡಬ್ಬಿಗೆ ಅರ್ತ್ ತಪ್ಪುತ್ತದೆ, ಶಾರ್ಟ್ ಬಿಡುತ್ತದೆ. ಎರಡು ಕಾಲುಗಳನ್ನು ಮುಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ. ನಾನು ಕತ್ತರಿಸಿ, ಮತ್ತೆ ಬೆಸುಗೆ ಹಾಕಿ, ಎರಡು ಮೀಟರ್ ವೈರನ್ನು ಆಂಟೆನಾ ತೂತಿಗೆ ಸಿಕ್ಕಿಸಿ ಸ್ವಿಚ್ ತಿರುಗಿಸಿದಾಗ ಬೆಳಿಗ್ಗೆ ಏಳು ಗಂಟೆಗೆ ಐದು ನಿಮಿಷ ಇತ್ತು. ಬಲಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ 612 ಕಿಲೋಹರ್ಟ್ಸ್ ಹತ್ತಿರ ಬಂದೆ. ಬೆಂಗಳೂರು ಆಕಾಶವಾಣಿ. ಸಂಸ್ಕೃತ ವಾರ್ತೆ ಶುರುವಾಗುತ್ತಿತ್ತು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು.

ಅರ್ಧ ಕೆಲಸ ಇನ್ನೂ ಇದೆ ಎಂದು ಗೊತ್ತಾದದ್ದು ಗಾಡಿಯಲ್ಲಿ ಕೂರಿಸಿದ ಮೇಲೆ. ಎಂಜಿನ್ ನಿಂತಿದ್ದಾಗಲೂ ನಿಲಯ ಎಲ್ಲೋ ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಮಡ್‌ಗಾರ್ಡಿನ ಒಳಗೆ ಕೈ ಹಾಕಿ ನೋಡಿದರೆ ಯಾರೋ ಎಂದೋ ಆಂಟೆನಾಕ್ಕೆ ಟಿವಿಯ ಕೇಬಲ್ ಎಳೆದಿದ್ದರು. ನೋಡಲು ಎರಡೂ ಒಂದೇ ಥರ. ಆದರೆ ಕಾರಿನ ಆಂಟೆನಾಕ್ಕೆ ಬೇಕಾದದ್ದು ಕೆಪಾಸಿಟೆನ್ಸ್ ತೀರ ಕಡಿಮೆ ಇರುವ ವೈರು, ಅದರ ನಡುವಿನ ತಂತಿ ಕೂದಲಿನಷ್ಟು ತೆಳ್ಳಗಿರುತ್ತದೆ. ಟಿವಿ ಕೇಬಲಿನಲ್ಲಿ ಮೀಡಿಯಂ ವೇವ್ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. ಜೆ.ಸಿ. ರಸ್ತೆಯಿಂದ ಸರಿಯಾದ ವೈರಿರುವ ಆಂಟೆನಾ ತಂದೆ. ಅದರ ಬುಡ ಕೂರುವ ಕಡೆ ಮಡ್‌ಗಾರ್ಡಿನ ಒಳಮೈಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತಗಡು ಹೊಳೆಯುವಂತೆ ಮಾಡಿ ಬಿಗಿದೆ. ಆಮೇಲೆ ಡಯಲಿನ ಮೇಲ್ತುದಿಗೆ, 1400ರ ಆಸುಪಾಸಿನಲ್ಲಿ ಒಂದು ಕ್ಷೀಣ ನಿಲಯ ಹಿಡಿದು, ಆಂಟೆನಾ ತೂತಿನ ಪಕ್ಕದಲ್ಲಿ ಸೆಟ್ಟನ್ನು ಆಂಟೆನಾಕ್ಕೆ ಹೊಂದಿಸುವ ಟ್ರಿಮ್ಮರ್ ಸ್ಕ್ರೂವನ್ನು ದನಿ ಅತಿ ಹೆಚ್ಚು ಬರುವ ಜಾಗಕ್ಕೆ ತಂದು ನಿಲ್ಲಿಸಿದೆ. ಆಂಟೆನಾ ಬದಲಾದರೆ ಈ ಸ್ಕ್ರೂ ಮತ್ತೆ ತಿರುಗಲೇಬೇಕು. ಮೆಕ್ಯಾನಿಕ್‌ಗಳು ಮರೆಯುವುದು ಇದನ್ನೇ. ಅಂದು ರಾತ್ರಿ ಧಾರವಾಡದ 765 ನಮ್ಮ ಅಂಗಳದಲ್ಲಿ ತಿಳಿಯಾಗಿ ಕೇಳಿಸಿತು.

ಎಂಜಿನ್ ಚಾಲೂ ಮಾಡಿದರೆ ಎರಡು ಬಗೆಯ ಗಲಾಟೆ: ಟಿಕ್ ಟಿಕ್ ಎಂಬುದೊಂದು, ಸೀಟಿಯಂತಹ ಎಳೆದ ಸ್ವರವೊಂದು. ಎಂಜಿನ್ನಿಗೆ ವೇಗ ಕೊಟ್ಟು ಇಗ್ನಿಷನ್ ಬೀಗ ಆರಿಸಿ ಕಿವಿಗೊಟ್ಟೆ. ಟಿಕ್ ಟಿಕ್ ಆ ಕ್ಷಣವೇ ನಿಂತಿತು, ಅದು ಕಿಡಿಯದು. ಸೀಟಿ ಎಂಜಿನ್ನಿನ ಜೊತೆಗೇ ಇಳಿಯುತ್ತ ಇಳಿಯುತ್ತ ನಿಂತಿತು, ಅದು ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ್ದು. (ನಮ್ಮ ರೇಡಿಯೊಗೆ ಕರೆಂಟು ಬೀಗದ ಮೂಲಕ ಬರುವುದಿಲ್ಲ, ಹಾಗಾಗಿ ಈ ಪರೀಕ್ಷೆ ಸಾಧ್ಯವಾಯಿತು.) ಇಗ್ನಿಷನ್ ಕಾಯಿಲಿನ ಬ್ಯಾಟರಿ ಕಡೆಯ ತುದಿಗೆ ಗಲಾಟೆ ಅಡಗಿಸುವ 1 ಮೈಕ್ರೊಫ್ಯಾರಡ್‌ನ ಸಪ್ರೆಸರ್ ಕಂಡೆನ್ಸರ್ ಹಾಕಿದೆ. ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಹಾಕಿದರೆ ಕಿಡಿಯೇ ಸೊರಗುತ್ತದೆ. ಇನ್ನೊಂದನ್ನು ಡೈನಮೊದ ದಪ್ಪ ವೈರಿನ ತುದಿಗೆ ಹಾಕಿದೆ. ಸಣ್ಣ ವೈರಿನದು ಫೀಲ್ಡ್, ಅದನ್ನು ಮುಟ್ಟಬಾರದು. ಪ್ಲಗ್ ವೈರುಗಳನ್ನು ಕಾರ್ಬನ್ ಬಗೆಯವಕ್ಕೆ ಬದಲಾಯಿಸಿದೆ. ಇಷ್ಟಾದರೂ ಸಣ್ಣದೊಂದು ಚಟಪಟ ಉಳಿದಿತ್ತು. ಬಾನೆಟ್ಟಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬೋಲ್ಟ್ ಮಾಡಿದ ಕೂಡಲೇ ಅದೂ ಅಡಗಿತು. ಗ್ರೀಸಿನಲ್ಲಿ ಮುಳುಗಿದ ಕೀಲುಗಳ ಮೇಲೆ ನಿಂತ ಬಾನೆಟ್ಟಿಗೆ ಅರ್ತ್ ಸಿಕ್ಕಿಯೇ ಇರಲಿಲ್ಲ.

ವೈಪರ್ ಮೋಟಾರ್ ಹಾಕಿದಾಗ ಮಾತ್ರ ಈಗಲೂ ಗರಗರ ಎನ್ನುತ್ತದೆ. ಅದಕ್ಕೊಂದು ಕಂಡೆನ್ಸರ್ ತಂದು ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ, ಮಳೆಗಾಲಕ್ಕೆ ಮೊದಲು ಹಾಕಬೇಕು.